ನನ್ನ ಕೊನೆಯ ದಿನಕ್ಕೆ ಹಾಡು ಆರಿಸಿ ಇಟ್ಟರೆ ತಪ್ಪಾ?

ಹಳೇ_ರೇಡಿಯೋ (ಮೈಸೂರು)

ಶೀರ್ಷಿಕೆ ನೋಡಿ ಯಾರೂ ಗಾಬರಿ ಆಗಬೇಡಿ. ನನಗೆ ಏನೂ ಆಗಿಲ್ಲ. ವಯಸ್ಸು 61, ಸಕ್ಕರೆ ಸ್ವಲ್ಪ ಜಾಸ್ತಿ ಇದೆ, ಅಷ್ಟೆ.

ಹೋದ ತಿಂಗಳು ನಮ್ಮ ಚಿಕ್ಕಪ್ಪ ತೀರಿಕೊಂಡರು. 84 ವರ್ಷ. ಜೀವಮಾನವೆಲ್ಲ ರೇಡಿಯೋ ಪಕ್ಕದಲ್ಲೇ ಕೂತಿದ್ದ ಮನುಷ್ಯ. 1935ರಲ್ಲಿ ಗೋಪಾಲಸ್ವಾಮಿಯವರು ಮೈಸೂರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದ ನಿಲಯದಿಂದ 'ಆಕಾಶವಾಣಿ' ಅನ್ನೋ ಹೆಸರು ಹುಟ್ಟಿತು ಅಂತ ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು, ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೂ ಬಿಡುತ್ತಿರಲಿಲ್ಲ. ಹಾಡು ಬರುತ್ತಿರುವಾಗ ಯಾರಾದರೂ ಮಾತಾಡಿದರೆ ಅವತ್ತು ಅವರಿಗೆ ಕಾಫಿ ಇಲ್ಲ.

ಅಂಥವರನ್ನು ಕರೆದುಕೊಂಡು ಹೋಗೋಕೆ ಒಂದು ಮುಕ್ತಿವಾಹನ ಬಂತು. ಅದಕ್ಕೊಂದು ಸ್ಪೀಕರ್. ಸ್ಪೀಕರ್‌ಗೆ ಒಂದು ಪೆನ್‌ಡ್ರೈವ್. ಮೊದಲು ಏನೋ ಮಂತ್ರ ಬರುತ್ತಿತ್ತು, ಒಂದೇ ಸಾಲು, ತಿರುಗಿ ತಿರುಗಿ. ಸರಿ ಅಂದುಕೊಂಡೆವು. ದೊಡ್ಡ ಸಿಗ್ನಲ್ ಹತ್ತಿರ ಗಾಡಿ ನಿಂತಾಗ ಮಂತ್ರ ಮುಗಿದು ಇದ್ದಕ್ಕಿದ್ದ ಹಾಗೆ ಟಪ್ಪಾಂಗುಚ್ಚಿ ಹಾಡು ಶುರುವಾಯಿತು. ಗಣಪತಿ ಬಿಡೋವಾಗ ಹಾಕಿದ್ದ ಪೆನ್‌ಡ್ರೈವೇ ಅಂತೆ ಅದು. ಡ್ರೈವರ್ ಪಾಪ ಬಟನ್ ಹುಡುಕೋಕೆ ಹೋಗಿ ವಾಲ್ಯೂಮ್ ಇನ್ನೂ ಜಾಸ್ತಿ ಮಾಡಿಬಿಟ್ಟ. ಪಕ್ಕದ ಆಟೋದವನು ತಲೆ ಆಡಿಸೋಕೆ ಶುರು ಮಾಡಿ, ಆಮೇಲೆ ಒಳಗೆ ಏನಿದೆ ಅಂತ ನೋಡಿ ಕೈ ಮುಗಿದ. ಚಿಕ್ಕಪ್ಪನ ಮಗ ಅಳುತ್ತಾ ಇದ್ದವನು ನಕ್ಕುಬಿಟ್ಟ, ಆಮೇಲೆ ನಕ್ಕಿದ್ದಕ್ಕೆ ಇನ್ನೂ ಜೋರಾಗಿ ಅತ್ತ.

ಅವತ್ತಿನಿಂದ ಇದೊಂದು ತಲೆಗೆ ಹತ್ತಿದೆ. ನನ್ನ ದಿನಕ್ಕೆ ಏನು ಹಾಕಬೇಕು ಅಂತ ನಾನೇ ಬರೆದಿಟ್ಟರೆ ಏನಾಯ್ತು? ಹಿಂದಿನ ಭಾನುವಾರ ಕೂತು ಮೂರು ಬರೆದೆ. ಒಂದು, 'ಅಲ್ಲಿದೆ ನಮ್ಮ ಮನೆ, ಇಲ್ಲಿರುವುದು ಸುಮ್ಮನೆ'. ಪುರಂದರದಾಸರದು, ಇದಕ್ಕೆ ಯಾರೂ ತಕರಾರು ಮಾಡಲಾರರು. ಎರಡು, ಭೀಮಸೇನ ಜೋಶಿಯವರು ಹಾಡಿದ 'ಭಾಗ್ಯದ ಲಕ್ಷ್ಮೀ ಬಾರಮ್ಮ'. ನನಗೆ ಅದು ಲಕ್ಷ್ಮಿ ಹಾಡೇ ಅಲ್ಲ, ನಮ್ಮಮ್ಮ ಬೆಳಗ್ಗೆ ಒಲೆ ಹಚ್ಚುವ ಹಾಡು. ಮೂರು, ಬಿಸ್ಮಿಲ್ಲಾ ಖಾನರ ಶಹನಾಯಿ, ಯಾವ ರಾಗ ಆದರೂ ಸರಿ. ನಮ್ಮ ಕಾಲದವರಿಗೆ ನೆನಪಿರಬೇಕು, ರೇಡಿಯೋದಲ್ಲಿ ಮಾಮೂಲಿ ಕಾರ್ಯಕ್ರಮ ಎಲ್ಲ ನಿಂತು ಬರೀ ಸಾರಂಗಿ, ಶಹನಾಯಿ ಬರೋಕೆ ಶುರುವಾದರೆ ಸುದ್ದಿ ಬರುವ ಮೊದಲೇ ಬೀದಿಯಲ್ಲಿ ಜನ ನಿಂತು 'ಯಾರು ಹೋದರು' ಅಂತ ಕೇಳುತ್ತಿದ್ದರು. ಅದೇ ಶಹನಾಯಿ ಮದುವೆ ಮನೆಯಲ್ಲೂ ಇರುತ್ತಿತ್ತು. ಎರಡಕ್ಕೂ ಒಂದೇ ಓಲಗ ಅನ್ನೋದು ನನಗೆ ಇಷ್ಟ.

ಪಟ್ಟಿ ಹಿಡಿದು ಅಡುಗೆಮನೆಗೆ ಹೋದೆ. ಮನೆಯವಳು ಅರ್ಧ ಓದಿ, 'ಬಾರಮ್ಮ ಅಂತ ಯಾರನ್ನ ಕರೀತಿದ್ದೀರಾ ಅವತ್ತು?' ಅಂದಳು. ಕಾಗದ ವಾಪಸ್ ಕೊಟ್ಟು ಹೊರಗೆ ಹೋದಳು. ಮೂರು ದಿನ ಆಯ್ತು, ಆ ವಿಷಯ ಎತ್ತಿದರೆ ಟೀವಿ ಸೌಂಡ್ ಜಾಸ್ತಿ ಮಾಡುತ್ತಾಳೆ.

ನಿಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದೀರಾ? ಮನೆಯವರು ಒಪ್ಪಿದರಾ? ಬರೆದಿಟ್ಟರೆ ನಿಜವಾಗಿ ನಡೆಸುತ್ತಾರಾ?

ಗಿರ್ಮಿಟ್_ಮಿರ್ಚಿ (ಹುಬ್ಬಳ್ಳಿ)

ಸರ್, ನಿಮ್ಮ ಕಡೆ ಇದು ದೊಡ್ಡ ಪ್ರಶ್ನೆ. ನಮ್ಮ ಕಡೆ ಹಳ್ಳಿಯೊಳಗೆ ಹಾಡಿಲ್ಲದೆ ಹೆಣ ಎತ್ತೋದೇ ಇಲ್ಲ.

ಯಾರಾದರೂ ತೀರಿಕೊಂಡರೆ ಮೊದಲು ಬೀಗರಿಗೆ ಫೋನ್, ಎರಡನೇ ಫೋನ್ ಭಜನಾ ಮಂಡಳಿಗೆ. ನಮ್ಮದು ಲಿಂಗಾಯತ ಮನೆತನ, ಮಲಗಿಸೋದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಮುಂದೆ ಚಾಪೆ ಹಾಸಿ ಮಂಡಳಿಯವರು ಕೂಡುತ್ತಾರೆ. ಪೇಟಿ, ತಬಲಾ, ತಾಳ, ದಮ್ಮಡಿ. ರಾತ್ರಿ ಪೂರ್ತಿ ನಡೆಯುತ್ತದೆ. ನಡುನಡುವೆ ಚಹಾ. ಯಾರೋ ಒಬ್ಬರು ಪದ ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ತೀರಿಕೊಂಡವರೂ ಕೂತಿರುತ್ತಾರೆ, ಹಾಡುವವರೂ ಕೂತಿರುತ್ತಾರೆ, ದೂರದಿಂದ ನೋಡಿದರೆ ಅವರೂ ಭಜನೆ ಕೇಳೋಕೆ ಬಂದ ಹಾಗೇ ಕಾಣುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ನಮ್ಮ ಅಮ್ಮ, ಅಂದರೆ ನಮ್ಮ ತಂದೆಯ ತಾಯಿ. 90 ದಾಟಿದ್ದರು. ಮಂಡಳಿಯ ಹಿರಿಯರನ್ನು ಕರೆಸಿ, ಎಲೆ ಅಡಿಕೆ ಕೊಟ್ಟು, 'ನನ್ನ ಮಣ್ಣಿಗೆ ಬರ್ತೀರಲ್ಲಾ, ಆ ಮುದುಕಿ ಪದ ಬಿಡಬ್ಯಾಡ್ರಿ' ಅಂದರು. ಶಿಶುನಾಳ ಶರೀಫರ 'ಬಿದ್ದೀಯಬೇ ಮುದುಕಿ' ಗೊತ್ತಲ್ಲ, ಅದು. ಹಿರಿಯರು ಪೇಚಿಗೆ ಬಿದ್ದರು. ಸತ್ತ ಮುದುಕಿಯ ಮುಂದೆ ಕೂತು 'ಬಿದ್ದೀಯಬೇ' ಅಂತ ಹೇಗೆ ಹಾಡೋದು, ಮಕ್ಕಳು ಬೀಗರು ಎಲ್ಲ ಇರುತ್ತಾರೆ. ಅಮ್ಮ ಬಿಡಲಿಲ್ಲ. 'ಇಷ್ಟ್ ವರ್ಷ ಬೀಳದಂಗ ಜೋಕಿಯಾಗಿ ನಡದೀನಿ, ಈಗ ಬೀಳ್ತೀನಿ, ಹಾಡ್ರಿ' ಅಂದರು.

ಎರಡು ವರ್ಷ ಆದ ಮೇಲೆ ಹೋದರು. ಬೆಳಗಿನ ಜಾವ 4 ಗಂಟೆಗೆ, ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ, ಹಿರಿಯರು ಮೆಲ್ಲಗೆ ಆ ಪದ ಎತ್ತಿದರು. ಮೊದಲ ಸಾಲಿಗೆ ನಮ್ಮ ಅತ್ತೆಯವರೆಲ್ಲ ತಲೆ ಎತ್ತಿ ನೋಡಿದರು. ಎರಡನೇ ಸಲಕ್ಕೆ ಎಲ್ಲರೂ ದನಿಗೂಡಿಸಿದರು. ಶರೀಫರು 1889ರಲ್ಲಿ ಹೋದವರು, ಅವರ ಕೊನೆಯ ಕ್ರಿಯೆಯನ್ನು ಎರಡೂ ಧರ್ಮದವರು ಮಾಡಿದರು ಅಂತ ನಮ್ಮ ಕಡೆ ಹೇಳುತ್ತಾರೆ. ಅವರ ಪದಕ್ಕೆ ಜಾಗ ಯಾವುದು ಹೊತ್ತು ಯಾವುದು ಅಂತ ಇಲ್ಲ.

ಆದ್ದರಿಂದ ಪಟ್ಟಿ ಹೆಂಡತಿಗೆ ಕೊಡಬೇಡಿ ಸರ್. ಹಾಡುವವರಿಗೆ ಕೊಡಿ. ಎಲೆ ಅಡಿಕೆ ಜೊತೆಗೆ.

ಮಂಜು_ಮುಸುಕು (ಇಂಗ್ಲೆಂಡ್)

ನಾನಿರುವ ಊರಲ್ಲಿ ಇದು ಮಾಮೂಲಿ ವಿಷಯ. ಇಲ್ಲಿ ಶವಸಂಸ್ಕಾರ ಮಾಡಿಸುವ ಕಂಪನಿಯವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ, ಯಾವ ಹಾಡು ಅಂತ. ಸಾಮಾನ್ಯವಾಗಿ ಮೂರು ಜಾಗ ಇರುತ್ತದೆ. ಪೆಟ್ಟಿಗೆ ಒಳಗೆ ಬರುವಾಗ ಒಂದು, ನಡುವೆ ಎಲ್ಲರೂ ಸುಮ್ಮನೆ ಕೂತು ನೆನೆಯೋಕೆ ಒಂದು, ಜನ ಹೊರಗೆ ಹೋಗುವಾಗ ಒಂದು. ನೀವೂ ಮೂರೇ ಬರೆದಿದ್ದೀರಿ, ನೋಡಿ ನಗು ಬಂತು.

ಇಲ್ಲಿನ ಜನ ಏನು ಆರಿಸುತ್ತಾರೆ ಅಂತ ಒಂದು ದೊಡ್ಡ ಕಂಪನಿ ಆಗಾಗ ಪಟ್ಟಿ ಬಿಡುತ್ತದೆ. ಫ್ರಾಂಕ್ ಸಿನಾತ್ರಾ ಹಾಡಿದ 'ಮೈ ವೇ' ಎಷ್ಟೋ ವರ್ಷ ಮೇಲೇ ಕೂತಿತ್ತು. 'ನಾನು ನನ್ನ ದಾರಿಯಲ್ಲೇ ನಡೆದೆ' ಅನ್ನೋ ಹಾಡನ್ನು ಎಲ್ಲರೂ ಆರಿಸೋದು ಒಂದು ತಮಾಷೆಯೇ. 2014ರಲ್ಲಿ ಅದನ್ನು ಹಿಂದೆ ಹಾಕಿದ್ದು ಒಂದು ಹಾಸ್ಯದ ಹಾಡು. ಮಾಂಟಿ ಪೈಥಾನ್ ಅನ್ನೋ ಹಾಸ್ಯ ತಂಡದ 1979ರ ಸಿನಿಮಾದ ಕೊನೆಯಲ್ಲಿ ಶಿಲುಬೆಗೆ ಏರಿಸಿದವರೆಲ್ಲ ಸಿಳ್ಳೆ ಹಾಕುತ್ತಾ ಹಾಡುವ ಹಾಡದು. ಆ ತಂಡದ ಗ್ರಹಾಂ ಚಾಪ್‌ಮನ್ 1989ರಲ್ಲಿ ತೀರಿಕೊಂಡಾಗ ಅವರ ನೆನಪಿನ ಸಭೆಯಲ್ಲೂ ಗೆಳೆಯರು ಅದನ್ನೇ ಹಾಡಿದರು. ಅಲ್ಲಿಂದ ಇದು ಜನರ ಹಾಡೇ ಆಗಿಹೋಯಿತು.

ಆರಿಸೋ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ರಾಣಿಯ ಗಂಡ ಪ್ರಿನ್ಸ್ ಫಿಲಿಪ್. 2021ರ ಏಪ್ರಿಲ್ 17, ಕೋವಿಡ್ ಕಾಲ, ಒಳಗೆ 30 ಜನಕ್ಕೆ ಮಾತ್ರ ಅವಕಾಶ, ಹಾಡೋಕೆ ಬರೀ 4 ಜನ. ಏನೇನು ಹಾಡಬೇಕು ಅಂತ ಅವರೇ ಮೊದಲೇ ಹೇಳಿಟ್ಟಿದ್ದರು. ಕೊನೆಗೆ ಕಹಳೆ ಊದುವವರು 'ಆ್ಯಕ್ಷನ್ ಸ್ಟೇಷನ್ಸ್' ನುಡಿಸಿದರು. ಯುದ್ಧದ ಹಡಗಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡಿ ಅಂತ ಕೊಡುವ ಕರೆ ಅದು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಮನುಷ್ಯ. ಅಷ್ಟೊತ್ತೂ ತಲೆ ತಗ್ಗಿಸಿ ಕೂತಿದ್ದವರಿಗೆ 'ಏಳಿ, ಕೆಲಸಕ್ಕೆ ಹೋಗಿ' ಅಂತ ಗದರಿಸಿದ ಹಾಗಿತ್ತು. ಟೀವಿಯಲ್ಲಿ ನೋಡುತ್ತಿದ್ದ ನಾನೂ ಎದ್ದು ನಿಂತೆ, ಯಾಕೆ ಅಂತ ಗೊತ್ತಿಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಇಲ್ಲಿ ನನ್ನ ಗೆಳೆಯನ ತಂದೆ ತೀರಿಕೊಂಡರು, ಮಗನನ್ನು ನೋಡೋಕೆ ಅಂತ ಬಂದಿದ್ದವರು. ಅವರಿಗೆ ಇಷ್ಟವಾದ ಒಂದು ದೇವರನಾಮ ಹಾಕಿಸೋಣ ಅಂತ ಮಗ ಹಟ ಹಿಡಿದ. ಚಿತಾಗಾರದವರ ಹಾಡಿನ ಸಂಗ್ರಹದಲ್ಲಿ ಕನ್ನಡ ಎಲ್ಲಿ ಬರಬೇಕು, ಫೈಲ್ ಕಳಿಸಿ ಅಂದರು. ಕಳಿಸಿದೆವು. ಅದು ಒಂದು ಕಚೇರಿಯ ರೆಕಾರ್ಡಿಂಗು, 11 ನಿಮಿಷ. ನಮಗೆ ಕೊಟ್ಟಿದ್ದ ಹೊತ್ತೇ ಒಟ್ಟು ಅರ್ಧ ಗಂಟೆ, ಹೊರಗೆ ಮುಂದಿನವರ ಗಾಡಿ ಬಂದು ನಿಂತಿತ್ತು. ಗಾಯಕರು ಆಲಾಪ ಮುಗಿಸಿ, ಗಂಟಲು ಸರಿ ಮಾಡಿಕೊಂಡು, ಇನ್ನೇನು ಪಲ್ಲವಿಗೆ ಬರಬೇಕು, ಪೆಟ್ಟಿಗೆ ಮುಂದಿನ ಪರದೆ ಮುಚ್ಚಿಬಿಟ್ಟಿತು. ಹಾಡಿನ ಮೊದಲ ಪದವೂ ಬರಲಿಲ್ಲ. ಆ ಮಗ ಈಗಲೂ ಹೇಳುತ್ತಾನೆ, 'ಅಪ್ಪನಿಗೆ ಬರೀ ಆ ಆ ಆ ಕೇಳಿಸಿ ಕಳಿಸಿದೆ' ಅಂತ.

ಹಾಗಾಗಿ ಸರ್, ಹಾಡಿನ ಹೆಸರು ಬರೆದರೆ ಸಾಲದು. ಯಾರು ಹಾಡಿದ್ದು, ಯಾವ ರೆಕಾರ್ಡಿಂಗು, ಎಲ್ಲಿಂದ ಶುರು ಮಾಡಬೇಕು, ಎಷ್ಟು ನಿಮಿಷ, ಇದನ್ನೂ ಬರೆಯಿರಿ.

ನೇರ_ಮಾತು

ಸತ್ತ ಮೇಲೆ ಕೇಳೋಕೆ ನೀವು ಇರ್ತೀರಾ? ಸುಮ್ನೆ ಇರೋರಿಗೆ ತಲೆನೋವು. ಅವತ್ತು ಮನೆಯವರಿಗೆ ಐಸ್ ಬಾಕ್ಸ್ ಬಂತಾ, ಪುರೋಹಿತರು ಬಂದರಾ, ಹೊರಗಿನಿಂದ ಬಂದವರಿಗೆ ತಿಂಡಿ ಆಯ್ತಾ ಅಂತ ನೂರು ಚಿಂತೆ ಇರುತ್ತದೆ. ಅದರ ಮಧ್ಯೆ ಬ್ಲೂಟೂತ್ ಕನೆಕ್ಟ್ ಮಾಡ್ತಾ ಕೂರಬೇಕಾ? ಬದುಕಿರುವಾಗ ಕೇಳಿ, ಸಾಕು.

ಹಳೇ_ರೇಡಿಯೋ

@ನೇರ_ಮಾತು, ಮಾತು ಸರಿ. ಕೇಳೋಕೆ ನಾನು ಇರೋಲ್ಲ. ಆದರೆ ಬೇರೆಯವರು ಕೇಳುತ್ತಾರಲ್ಲ, ಅವರಿಗೆ ಅದು ನಾನು ಅಂತ ಅನ್ನಿಸಬೇಕು ಅನ್ನೋ ಆಸೆ. ಚಿಕ್ಕಪ್ಪನ ದಿನ ಅಲ್ಲಿ ಚಿಕ್ಕಪ್ಪ ಇರಲೇ ಇಲ್ಲ. ಯಾರ ಹೆಣಕ್ಕಾದರೂ ಆಗುವ ಮಂತ್ರ, ಯಾರ ಗಣಪತಿಗಾದರೂ ಆಗುವ ಹಾಡು.

@ಗಿರ್ಮಿಟ್_ಮಿರ್ಚಿ, ನಿಮ್ಮ ಅಮ್ಮನವರಿಗೆ ಇಲ್ಲಿಂದಲೇ ನಮಸ್ಕಾರ.

ಕೋರ್ಟ್_ಕ್ಯಾಂಟೀನ್ (ಬೆಂಗಳೂರು)

ವಕೀಲನಾಗಿ ಒಂದೆರಡು ಮಾತು. ಉಯಿಲಿನಲ್ಲಿ ಬರೆದರೆ ಆಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಯಿಲು ಇರೋದು ಆಸ್ತಿಗೆ. ಹೆಣ ಆಸ್ತಿ ಅಲ್ಲ. ನನ್ನ ಕ್ರಿಯೆ ಹೀಗೇ ಆಗಲಿ ಅನ್ನೋದನ್ನು ಆಸೆ ಅಂತ ಬರೆಯಬಹುದು, ಮಕ್ಕಳು ನಡೆಸಿದರೆ ನಡೆಸಿದರು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಉಯಿಲನ್ನು ಜನ ಬೀರುವಿನಿಂದ ತೆಗೆಯೋದೇ ತಿಥಿ ಮುಗಿದ ಮೇಲೆ. 'ಮೆರವಣಿಗೆಯಲ್ಲಿ ಶಹನಾಯಿ ಹಾಕಿ' ಅಂತ ಅವತ್ತು ಓದಿ ಏನು ಮಾಡೋದು?

ನೆಹರೂ ಅವರದೇ ನೋಡಿ. ಧಾರ್ಮಿಕ ವಿಧಿ ಯಾವುದೂ ಬೇಡ ಅಂತ 1954ರಲ್ಲೇ ಉಯಿಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು. 1964ರಲ್ಲಿ ತೀರಿಕೊಂಡಾಗ ವಿಧಿಗಳು ನಡೆದವು. ಬೂದಿಯಲ್ಲಿ ಒಂದಿಷ್ಟು ಗಂಗೆಗೆ, ಉಳಿದದ್ದನ್ನು ವಿಮಾನದಿಂದ ಹೊಲಗಳ ಮೇಲೆ ಚೆಲ್ಲಿ ಅಂದಿದ್ದು ಮಾತ್ರ ನಡೆಯಿತು. ಪ್ರಧಾನಿಗೇ ಅರ್ಧ. ನಮಗೆ ಮೂರರಲ್ಲಿ ಒಂದು ಹಾಡು ಸಿಕ್ಕಿದರೂ ಪುಣ್ಯ.

ಬೇರೆ ಕಾಗದದಲ್ಲಿ ಬರೆಯಿರಿ. ಅವತ್ತು ಓಡಾಡುವವರು ಯಾರು ಅಂತ ಎಲ್ಲ ಮನೆಯಲ್ಲೂ ಗೊತ್ತಿರುತ್ತದೆ, ಅಳುವವರು ಅಲ್ಲ, ಓಡಾಡುವವರು, ಸಾಮಾನ್ಯವಾಗಿ ಒಬ್ಬ ಅಳಿಯ ಇಲ್ಲ ಅಕ್ಕನ ಮಗ. ಅವರ ಕೈಗೆ ಕೊಡಿ. ಇನ್ನೊಂದು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕುವ ಹಾಗಿಲ್ಲ, ಸರ್ಕಾರ ನಿಶ್ಶಬ್ದ ವಲಯ ಅಂತ ಸಾರಿದ್ದರೆ ಆಸ್ಪತ್ರೆಯ ಸುತ್ತ 100 ಮೀಟರ್ ಹಗಲಲ್ಲೂ ಇಲ್ಲ. 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ. ಹೆಣಕ್ಕೆ ಅಂತ ವಿನಾಯಿತಿ ಏನೂ ಕೊಟ್ಟಿಲ್ಲ.

ಚರ್ಮದ_ಸದ್ದು (ಕೋಲಾರ ಕಡೆ)

ಎಲ್ಲರೂ ರೆಕಾರ್ಡ್ ಮಾಡಿದ ಹಾಡಿನ ಬಗ್ಗೆ ಮಾತಾಡುತ್ತಿದ್ದೀರಿ. ಸ್ವಲ್ಪ ತಮಟೆ ಬಗ್ಗೆ ಹೇಳಲಾ? ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ತಾತ ಊರಿನಲ್ಲಿ ಯಾರೇ ಸತ್ತರೂ ತಮಟೆ ಹೊಡೆಯಬೇಕಿತ್ತು. ಬೇಕಿತ್ತು ಅಂದರೆ ಬೇಕಿತ್ತು. ಜ್ವರ ಇರಲಿ, ಮಳೆ ಇರಲಿ, ಮನೆಯಲ್ಲೇ ಸಾವಾಗಿರಲಿ. ಊರಗೌಡರ ಮನೆಯಿಂದ ಕರೆ ಬಂದರೆ ಚರ್ಮ ಕಾಯಿಸಿಕೊಂಡು ಹೊರಡಬೇಕು. ಅವರ ಮನೆಯ ಅಂಗಳದ ಆಚೆ ನಿಲ್ಲಬೇಕು. ಕೂಲಿ ಅಂತ ಇರಲಿಲ್ಲ, ಒಂದಿಷ್ಟು ರಾಗಿ, ಹೆಂಡ, ಕೆಲವು ಸಲ ಅದೂ ಇಲ್ಲ. ಸದ್ದು ಮಾಡುವವನು ಇವನು, ಮುಟ್ಟಬಾರದವನೂ ಇವನೇ.

ನಮ್ಮಪ್ಪನ ಕಾಲಕ್ಕೆ ಊರಿಗೆ ಸಂಘ ಬಂತು. ಎಪ್ಪತ್ತರ ದಶಕದಿಂದ ಎಲ್ಲ ಕಡೆ ದಲಿತ ಸಂಘರ್ಷ ಸಮಿತಿಯ ಗಾಳಿ ಬೀಸಿತಲ್ಲ, ಅದು ನಮ್ಮ ಕೇರಿಗೂ ಬಂತು. ಇನ್ನು ಮೇಲೆ ಯಾರ ಹೆಣದ ಮುಂದೆಯೂ ಬಿಟ್ಟಿ ತಮಟೆ ಹೊಡೆಯೋದಿಲ್ಲ ಅಂತ ಅಪ್ಪ ಮತ್ತವರ ಗೆಳೆಯರು ಹೇಳಿದರು. ಒಂದು ವರ್ಷ ಯಾರೂ ಅವರನ್ನು ಕೂಲಿಗೆ ಕರೆಯಲಿಲ್ಲ. ಅಪ್ಪ ತಮಟೆಯನ್ನು ಅಟ್ಟದ ಮೇಲೆ ಎಸೆದರು. ಮೆರವಣಿಗೆ, ಧರಣಿ ಇದ್ದಾಗ ಮಾತ್ರ ಕೆಳಗೆ ಇಳಿಯುತ್ತಿತ್ತು. ನಾನು ತಮಟೆ ಕೇಳಿದ್ದು ಹೆಣದ ಮುಂದೆ ಅಲ್ಲ, ತಾಲೂಕು ಕಚೇರಿ ಮುಂದೆ.

ಈಗ ನಾನು ಒಂದು ತಂಡದಲ್ಲಿ ನುಡಿಸುತ್ತೇನೆ. ಕಾಲೇಜು, ಉತ್ಸವ, ಮದುವೆ ಕೂಡ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಅವತ್ತು ಅಪ್ಪ ಪೇಪರ್ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು.

ಹೋದ ವರ್ಷ ನಮ್ಮ ಶಾಲೆಯ ಹಳೆಯ ಮೇಷ್ಟ್ರು ಒಬ್ಬರು ಫೋನ್ ಮಾಡಿದರು. ಕಾಯಿಲೆ ಇತ್ತು ಅವರಿಗೆ. 'ನಾನು ಹೋದ ದಿನ ನಿಮ್ಮ ತಂಡ ಬರಬೇಕು ಕಣೋ. ಮುಂದೆ ನಿಂತು ಹೊಡೆಯೋಕೆ ಅಲ್ಲ. ಮನೆ ಒಳಗೆ ಬಂದು, ಊಟ ಮಾಡಿ, ಆಮೇಲೆ ನುಡಿಸಬೇಕು' ಅಂದರು. ನಾನು ಅಪ್ಪನನ್ನು ಕೇಳಿದೆ. ಅಪ್ಪ ಏನೂ ಹೇಳಲಿಲ್ಲ. ಮೇಷ್ಟ್ರು ಹೋದ ದಿನ ನಾವು ಹೊರಡುವಾಗ ಅಟ್ಟದಿಂದ ತಮ್ಮ ತಮಟೆ ತೆಗೆದುಕೊಂಡು ಗಾಡಿ ಹತ್ತಿದರು. ಹಳೆ ಚರ್ಮ, ಮೇಷ್ಟ್ರ ಮನೆಯ ಮುಂದೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸೋಕೇ ಹೊತ್ತಾಯಿತು. ಮೇಷ್ಟ್ರ ಹೆಂಡತಿ ತಾವೇ ಬಂದು ಎಲೆ ಹಾಕಿದರು.

ಯೂಟ್ಯೂಬಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಅನ್ನೋ ಊರಿನ ಕಪ್ಪು ಜನರ ಶವಯಾತ್ರೆ ನೋಡಿ. ಹೋಗುವಾಗ ಬ್ಯಾಂಡಿನವರು ನಿಧಾನಕ್ಕೆ ನುಡಿಸುತ್ತಾರೆ, ಕಾಲು ಎಳೆಯುತ್ತಾ ನಡೆಯುತ್ತಾರೆ. ಹೆಣ ಬೀಳ್ಕೊಟ್ಟ ಮೇಲೆ ತಾಳ ಬದಲಾಗುತ್ತದೆ, ಛತ್ರಿ ಕುಣಿಸುತ್ತಾ ಬೀದಿಯಲ್ಲಿ ಕುಣಿಯುತ್ತಾರೆ, ದಾರಿಯಲ್ಲಿ ಹೋಗುವವರೂ ಸೇರಿಕೊಳ್ಳುತ್ತಾರೆ. ಅವರ ಹಿರಿಯರೂ ಗುಲಾಮರಾಗಿದ್ದವರು. ಆ ಡ್ರಮ್ಮಿನ ಪೆಟ್ಟು ಕೇಳಿ ನಮ್ಮಪ್ಪ 'ಇವರು ನಮ್ಮೋರೇ' ಅಂದರು.

ರೇಡಿಯೋ ಸರ್, ನಿಮಗೆ ತಮಟೆ ಬೇಕು ಅನ್ನಿಸಿದರೆ ಸೇರಿಸಿ. ಆದರೆ ಪಟ್ಟಿಯಲ್ಲಿ 'ತಮಟೆ ಹೊಡೆಸುವುದು' ಅಂತ ಬರೆಯಬೇಡಿ. ಕಲಾವಿದರನ್ನು ಕರೆಯುವುದು, ಇಷ್ಟು ಸಂಭಾವನೆ, ಊಟ, ಗಾಡಿ ಖರ್ಚು ಅಂತ ಬರೆಯಿರಿ.

ಕಾಫಿ_ಹೂ (ಮಡಿಕೇರಿ)

ನಮ್ಮಲ್ಲಿ ಆರಿಸೋಕೆ ಏನೂ ಉಳಿದಿಲ್ಲ, ಎಲ್ಲ ಹಿರಿಯರೇ ಆರಿಸಿಟ್ಟಿದ್ದಾರೆ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ, ತೋಟದಲ್ಲಿ ಕೆಲಸ ಮಾಡುತ್ತಿರುವವರೂ ಎಣಿಸುತ್ತಾರೆ. ಒಂದಾದರೆ ಗಂಡು ಮಗು, ಎರಡಾದರೆ ಸಾವು. ಆಮೇಲೆ ವಾಲಗ. ದುಡಿ ಹಿಡಿದು ಸಾವಿನ ಹಾಡು ಹೇಳುವ ಪದ್ಧತಿಯೂ ಇದೆ, ಈಗ ಅದನ್ನು ಪೂರ್ತಿ ಬಲ್ಲವರು ಕಮ್ಮಿ. ನಮ್ಮ ಅಜ್ಜ ಒಂದೇ ಮಾತು ಹೇಳಿದ್ದರು, ವಾಲಗದವರು ತಡವಾಗಿ ಬಂದರೆ ಕಾಯಿರಿ, ನನಗೇನು ಅವಸರ ಇಲ್ಲ ಅಂತ.

ಕನಕಾಂಬರ (ಬೆಂಗಳೂರು)

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮವರು 2021ರ ಮೇ ತಿಂಗಳಲ್ಲಿ ಹೋದರು. ಕೋವಿಡ್. ಐದೇ ಜನ ಬರಬಹುದು ಅನ್ನೋ ನಿಯಮ. ಚಿತಾಗಾರದ ಹೊರಗೆ ಆಂಬುಲೆನ್ಸುಗಳ ಸಾಲು. ನಾನು, ಮಗ, ಮೈದುನ ಮತ್ತಿಬ್ಬರು ರಸ್ತೆ ಬದಿಯಲ್ಲಿ ನಿಂತಿದ್ದೆವು. ಮಂತ್ರವೂ ಇಲ್ಲ, ಹಾಡೂ ಇಲ್ಲ, ಅಳುವವರ ಸದ್ದೂ ಇಲ್ಲ, ಎಲ್ಲರ ಬಾಯಿಗೂ ಮಾಸ್ಕ್. ಅವತ್ತಿನ ಸದ್ದು ಅಂದರೆ ಆಂಬುಲೆನ್ಸ್‌ನ ಹಿಂದಿನ ಬಾಗಿಲು ತೆಗೆಯೋದು, ಹಾಕೋದು. ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ. ಜನ ಗಟ್ಟಿ ಹೆಂಗಸು ಅಂದರು.

ಅದೇ ವರ್ಷ ಅಕ್ಟೋಬರ್ 29ಕ್ಕೆ ಪುನೀತ್ ಹೋದರು. ನಮ್ಮ ಬೀದಿ ಮೂಲೆಯಲ್ಲಿ ಹುಡುಗರು ಫೋಟೋ ಇಟ್ಟು, ಹಾರ ಹಾಕಿ, ಸ್ಪೀಕರ್‌ನಲ್ಲಿ 'ಕಾಣದಂತೆ ಮಾಯವಾದನು' ಹಾಕಿದರು. ಅದು ಅವರೇ ಚಿಕ್ಕ ಹುಡುಗನಾಗಿದ್ದಾಗ ಹಾಡಿದ್ದು, 1982ರ ಸಿನಿಮಾದ್ದು. ನಮ್ಮವರಿಗೂ ಅದೇ ವಯಸ್ಸು, ಸ್ಕೂಲಲ್ಲಿ ಅದನ್ನು ಹಾಡಿ ಒಂದು ಸ್ಟೀಲ್ ಲೋಟ ಬಹುಮಾನ ತಗೊಂಡಿದ್ದರು. ಆ ಲೋಟದಲ್ಲೇ ಕಾಫಿ ಕುಡಿಯುತ್ತಿದ್ದರು ಕೊನೆಯವರೆಗೂ. ನಾನು ಹಾಲು ತರೋಕೆ ಅಂತ ಹೋದವಳು ಆ ಸ್ಪೀಕರ್ ಪಕ್ಕ ನಿಂತು ಅತ್ತೆ. ಐದು ತಿಂಗಳ ಅಳು. ಗೊತ್ತಿಲ್ಲದ ಹುಡುಗರು ಕುರ್ಚಿ ಹಾಕಿ ನೀರು ಕೊಟ್ಟರು. ಅವರು ಅಂದುಕೊಂಡಿದ್ದು ಅಪ್ಪು ಅಭಿಮಾನಿ ಅಂತ. ನಾನೂ ಹೌದು ಅಂದೆ.

ಹೇಳೋದು ಏನಂದರೆ ಸರ್, ಅದೇ ದಿನವೇ ಆಗಬೇಕು ಅಂತ ಇಟ್ಟುಕೊಳ್ಳಬೇಡಿ. ಆ ದಿನ ನಮ್ಮ ಕೈಯಲ್ಲಿ ಇರೋದಿಲ್ಲ. ವೈಕುಂಠ ಸಮಾರಾಧನೆ ದಿನ ಊಟ ಆದ ಮೇಲೆ ಎಲ್ಲರೂ ಸ್ವಲ್ಪ ಹಗುರಾಗಿ ಕೂತಿರುತ್ತಾರೆ, ಆಗ ಹಾಕಿಸಬಹುದು. ಇಲ್ಲ ಅಂದರೆ ವರ್ಷಾಬ್ದಿಕಕ್ಕೆ. ನಾನು ಈಗ ಪ್ರತಿ ಮೇ ತಿಂಗಳು ಆ ಹಾಡು ಹಾಕಿ ಆ ಲೋಟದಲ್ಲಿ ಕಾಫಿ ಕುಡಿಯುತ್ತೇನೆ. ಮಗ ಮೊದಲು ಎದ್ದು ಹೋಗುತ್ತಿದ್ದ. ಹೋದ ಸಲ ಕೂತಿದ್ದ.

ಮತ್ತೆ ನಿಮ್ಮ ಮನೆಯವರು ಟೀವಿ ಸೌಂಡ್ ಜಾಸ್ತಿ ಮಾಡಿದ್ದು ಲಕ್ಷ್ಮಿ ಹಾಡಿಗೆ ಅಲ್ಲ. ಅದು ನಿಮಗೂ ಗೊತ್ತಿರಬೇಕು. ಆ ಕಾಗದವನ್ನು ಓದೋದೇ ಅವರಿಗೆ ಆಗಿಲ್ಲ.

ನೇರ_ಮಾತು

ಮೇಲೆ ನಾನು ಬರೆದಿದ್ದನ್ನು ಅಳಿಸೋಲ್ಲ, ಇರಲಿ. ಆದರೆ ಅಕ್ಕ, ನಿಮ್ಮದು ಓದಿ ನಮ್ಮಪ್ಪನಿಗೆ ಫೋನ್ ಮಾಡಿ ನಿಮಗೆ ಯಾವ ಹಾಡು ಇಷ್ಟ ಅಂತ ಕೇಳಿದೆ. ಕಾರಣ ಹೇಳಲಿಲ್ಲ. 40 ನಿಮಿಷ ಮಾತಾಡಿದರು. ನಮ್ಮಪ್ಪ ಒಂದು ಕಾಲದಲ್ಲಿ ನಾಟಕ ಕಂಪನಿಯ ಹಿಂದೆ ಮೂರು ತಿಂಗಳು ಓಡಿಹೋಗಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಹಳೇ_ರೇಡಿಯೋ

ಎಲ್ಲರಿಗೂ ನಮಸ್ಕಾರ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಕನಕಾಂಬರ ಅವರು ಬರೆದಿದ್ದನ್ನು ಓದಿದ ಮೇಲೆ ಕಾಗದ ಪಕ್ಕಕ್ಕಿಟ್ಟೆ. ನಿನ್ನೆ ಸಂಜೆ ಕರೆಂಟ್ ಹೋಗಿತ್ತು, ಟೀವಿ ಇರಲಿಲ್ಲ, ತಪ್ಪಿಸಿಕೊಳ್ಳೋಕೆ ಅವಳಿಗೆ ದಾರಿ ಇರಲಿಲ್ಲ. ನಾನು ಪಟ್ಟಿ ಮಾತು ಎತ್ತಲಿಲ್ಲ. ಮಂಡಳಿಯವರನ್ನು ಕರೆಸಿದ ಆ ಅಮ್ಮನ ಕಥೆ ಹೇಳಿದೆ, ಮೇಷ್ಟ್ರ ಮನೆಯ ಊಟದ ಕಥೆ ಹೇಳಿದೆ, ಇಂಗ್ಲೆಂಡಿನ 'ಆ ಆ ಆ' ಹೇಳಿದೆ. ಅದಕ್ಕೆ ನಕ್ಕಳು. ಆಮೇಲೆ ಅವಳೇ ಕೇಳಿದಳು, 'ನಿಮ್ಮದು ಎಷ್ಟು ನಿಮಿಷ?' ಅಂತ.

ಹೀಗೆ ತೀರ್ಮಾನ ಆಯ್ತು. ದಾಸರ ಹಾಡು ಮನೆಯಿಂದ ಎತ್ತುವಾಗ, ನಾಲ್ಕು ನಿಮಿಷದ್ದು ಹುಡುಕಬೇಕು. ಶಹನಾಯಿ ದಾರಿಯಲ್ಲಿ. ಲಕ್ಷ್ಮಿ ಅವತ್ತಿಗೆ ಖಂಡಿತ ಬೇಡ, ಹದಿಮೂರನೇ ದಿನ ಊಟ ಆದ ಮೇಲೆ ಹಾಕಬಹುದು. ಇದರಲ್ಲಿ ಅವಳು ಒಂದಿಂಚೂ ಬಿಡಲಿಲ್ಲ. ಪೆನ್‌ಡ್ರೈವ್ ಅಕ್ಕನ ಮಗನ ಕೈಗೆ. ಅವನು ಈಗಲೇ ಗಾಡಿಯವರ ಸ್ಪೀಕರ್ ಬೇಡ, ನಮ್ಮದೇ ಒಯ್ಯೋಣ ಅಂದ, ನಾನು ಇನ್ನೂ ಇಲ್ಲೇ ಕೂತಿದ್ದೇನೆ ಅನ್ನೋದು ಮರೆತ ಹಾಗಿತ್ತು. @ಚರ್ಮದ_ಸದ್ದು, ನೀವು ಹೇಳಿದ ಮೂರನ್ನೂ ಹಾಗೇ ಬರೆದಿದ್ದೇನೆ, ಸಂಭಾವನೆ, ಊಟ, ಗಾಡಿ ಖರ್ಚು. ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ. ತಾರೀಕು ಮಾತ್ರ ಈಗ ಹೇಳೋಕೆ ಆಗೋಲ್ಲ.

ಕರೆಂಟ್ ಬಂದ ಮೇಲೆ, 'ನಿಂದು ಯಾವ ಹಾಡು?' ಅಂತ ಅವಳನ್ನು ಕೇಳಿದೆ. 'ನಿಮಗೆ ಯಾಕೆ ಹೇಳಬೇಕು, ಅದನ್ನ ತಂಗಿಗೆ ಹೇಳಿ ನಾಲ್ಕು ವರ್ಷ ಆಯ್ತು' ಅಂದಳು.